ಸೋಮವಾರದ ಮಾತ್ರೆ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಎಷ್ಟೋ ವರ್ಷ ಬ್ಲೌಸ್ ಹೊಲಿದೆ, ಸೀರೆಗಳಿಗೆ ಫಾಲ್ಸ್ ಹಚ್ಚಿದೆ, ಪಿಕೋ ಮಾಡಿದೆ. ಹೇಳಿದ ದಿನ ಬಟ್ಟೆ ಕೊಡುತ್ತಿದ್ದೆ. ಹೇಳಿದ ದಿನ ಬಂದು ಒಯ್ಯದವರಿಗೆ ಬೈಯುತ್ತಲೂ ಇದ್ದೆ. ಬೈಸಿಕೊಂಡವರು ಮುಂದಿನ ಹಬ್ಬಕ್ಕೆ ಮತ್ತೆ ನನ್ನ ಹತ್ತಿರವೇ ಬರುತ್ತಿದ್ದರು, ಯಾಕೆಂದರೆ ನನ್ನ ಹೊಲಿಗೆ ಬಿಚ್ಚುತ್ತಿರಲಿಲ್ಲ.

ಎರಡು ಸಾವಿರದ ಆರನೇ ಇಸವಿಯ ಸುಮಾರು. ಆರೋಗ್ಯ ಕೇಂದ್ರದಲ್ಲಿ ಕ್ಷಯರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಒಬ್ಬರು ಬ್ಲೌಸಿನ ಅಳತೆ ಕೊಡಲು ಬಂದಿದ್ದರು. ಆ ಹೊತ್ತಿಗೆ ನಾನು ಫೋನಿನಲ್ಲಿ ಯಾರಿಗೋ ಬೈಯುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಂಟಿ, ನಮಗೆ ನಿಮ್ಮಂಥೋರೇ ಬೇಕಾಗಿರೋದು" ಅಂದರು. ಟಿಬಿ ಮಾತ್ರೆಯನ್ನು ರೋಗಿಯ ಕೈಗೆ ಕೊಟ್ಟು ಕಳಿಸುವಂತಿಲ್ಲವಂತೆ, ಯಾರಾದರೊಬ್ಬರ ಕಣ್ಣೆದುರಿಗೇ ನುಂಗಬೇಕಂತೆ. ಮನೆಗೆ ಒಯ್ದವರು ಸ್ವಲ್ಪ ಕೆಮ್ಮು ಇಳಿದ ಕೂಡಲೇ ಬಿಟ್ಟುಬಿಡುತ್ತಾರೆ, ಆಗ ರೋಗ ಮೊಂಡು ಬೀಳುತ್ತದೆ. ಅದಕ್ಕೇ ಊರಿನೊಳಗೆ ಅಲ್ಲಲ್ಲಿ ನಂಬಿಕಸ್ತರನ್ನು ಹುಡುಕಿ ಮಾತ್ರೆಯ ಡಬ್ಬಿ ಇಡುತ್ತಿದ್ದೇವೆ ಎಂದರು. ನಂಬಿಕಸ್ತರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಒಪ್ಪಿಕೊಂಡೆ.

"ಸರ್ಕಾರಾನೂ ನಿನ್ ಬಾಯಿಗೆ ಹೆದರ್ಕೊಂಡು ಕೆಲಸ ಕೊಟ್ಬಿಡ್ತು ನೋಡೇ" ಎಂದು ನಮ್ಮ ಯಜಮಾನರು ನಕ್ಕರು.

ಹಾಗೆ ನನ್ನ ಪಾಲಿಗೆ ಬಂದ ಮೊದಲ ರೋಗಿ ಅವಳು. ಗದಗದ ಕಡೆಯವಳು, ಮೂವತ್ತು ದಾಟಿರಲಿಲ್ಲ. ಗಂಡ ಗಾರೆ ಕೆಲಸದವನು, ಎರಡು ವರ್ಷದ ಹಿಂದೆ ಜ್ವರ ಜ್ವರ ಅಂತಲೇ ತೀರಿಕೊಂಡಿದ್ದ. ಎಂಟು ವರ್ಷದ ಮಗಳನ್ನು ತಾಯಿಯ ಹತ್ತಿರ ಊರಲ್ಲಿ ಬಿಟ್ಟು, ಹೇರೋಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ವಿಜಯನಗರದ ಒಂದು ರೊಟ್ಟಿ ಅಂಗಡಿಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಸಿಸ್ಟರ್ ಮೊದಲ ದಿನ ಕರೆತಂದಾಗ ಸೆರಗನ್ನು ಬಾಯಿಗೆ ಹಿಡಿದುಕೊಂಡು ಗೋಡೆಗೆ ಅಂಟಿ ನಿಂತಿದ್ದಳು. ಕುಪ್ಪಸದ ತೋಳು ಅವಳ ತೋಳಿಗಿಂತ ಎರಡು ಪಟ್ಟು ಅಗಲವಾಗಿತ್ತು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮೂರನೆಯ ಸಲ ಬಂದಾಗ ಅವಳೇ ಹೇಳಿದಳು.

"ಅಕ್ಕಾರ, ನಿಮಗ ಮುಚ್ಚಿಡಬಾರದು. ನನಗ ಎಚ್‌ಐವಿನೂ ಐತ್ರಿ. ಟಿಬಿ ಅಂದಕೂಡ್ಲೆ ರಕ್ತಾನೂ ತಗದು ನೋಡಿದ್ರು. ನನ್ನ ಗಂಡ ಹೋಗಿದ್ದೂ ಇದರಿಂದನ ಅಂತ ಈಗ ಗೊತ್ತಾತು. ಮಗಳಿಗೆ ಇಲ್ರಿ, ನೋಡ್ಸೇವಿ. ನಿಮ್ಮ ಮನ್ಯಾಗ ಬರಬ್ಯಾಡ ಅಂದ್ರ ಬರೂದಿಲ್ರಿ."

ಸುಳ್ಳು ಯಾಕೆ ಹೇಳಲಿ? ಅವಳು ನೀರು ಕುಡಿದಿದ್ದ ಲೋಟದ ಕಡೆ ನನ್ನ ಕಣ್ಣು ಹೋಯಿತು. ಕಣ್ಣು ಹೋದದ್ದನ್ನು ಅವಳೂ ಕಂಡಳು. ನಾಚಿಕೆಯಾಗಿ ನನ್ನ ಮೇಲೇ ನನಗೆ ಸಿಟ್ಟು ಬಂತು. ಆ ಸಿಟ್ಟನ್ನು ಅವಳ ಮೇಲೇ ತೀರಿಸಿದೆ. "ಯಾರೇ ಬರಬೇಡ ಅಂದಿದ್ದು? ಸುಮ್ನೆ ಮಾತ್ರೆ ನುಂಗು" ಎಂದು ಗದರಿದೆ. ಅವಳು ಮೊದಲ ಸಲ ನಕ್ಕಳು.

ಎರಡು ರೋಗದ ಸಂಬಂಧವನ್ನು ಸಿಸ್ಟರ್ ನನಗೆ ಬಿಡಿಸಿ ಹೇಳಿದ್ದರು. ನನಗೆ ಅರ್ಥವಾದದ್ದು ನನ್ನ ಕಸುಬಿನ ಲೆಕ್ಕದಲ್ಲಿ. ಬಟ್ಟೆ ಗಟ್ಟಿಯಾಗಿದ್ದರೆ ಹರಿದ ಜಾಗಕ್ಕೆ ಹೊಲಿಗೆ ಹಾಕಬಹುದು. ಬಟ್ಟೆಯೇ ಜೀರ್ಣವಾಗಿದ್ದರೆ ಹೊಲಿಗೆ ಹಾಕಿದ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಅದಕ್ಕೇ ಇವಳಿಗೆ ಎರಡೂ ಚಿಕಿತ್ಸೆ ನಡೆಯಬೇಕು, ಒಂದೂ ತಪ್ಪಬಾರದು. ಎಚ್‌ಐವಿ ಮಾತ್ರೆ ದೊಡ್ಡಾಸ್ಪತ್ರೆಯಲ್ಲಿ ಸಿಗುತ್ತಿತ್ತು, ಅದನ್ನು ಮನೆಯಲ್ಲೇ ಬೆಳಿಗ್ಗೆ ರಾತ್ರಿ ನುಂಗುತ್ತಿದ್ದಳು. ಟಿಬಿಯದು ಸೋಮವಾರ, ಬುಧವಾರ, ಶುಕ್ರವಾರ, ನನ್ನ ಕಣ್ಣೆದುರಿಗೆ. ಒಂದು ಸಲಕ್ಕೆ ಏಳು. ನನ್ನ ಬಳಿ ಅವಳ ಹೆಸರಿನ ಡಬ್ಬಿ ಇತ್ತು, ಒಂದು ಕಾರ್ಡಿತ್ತು. ನುಂಗಿದ ಮೇಲೆ ಕಾರ್ಡಿನಲ್ಲಿ ಗುರುತು ಹಾಕಿ, ಮಾತ್ರೆ ಬಿಡಿಸಿಕೊಂಡ ಖಾಲಿ ಹಾಳೆಯನ್ನು, ಅಂದರೆ ಸ್ಟ್ರಿಪ್ಪನ್ನು, ಡಬ್ಬಿಗೇ ವಾಪಸ್ ಹಾಕಬೇಕು.

ರೊಟ್ಟಿ ಅಂಗಡಿಯವರಿಗೆ ಟೈಫಾಯ್ಡ್ ಎಂದು ಹೇಳಿಸಿ ಎರಡು ತಿಂಗಳು ರಜೆ ಹಾಕಿಸಿದೆ. ನಮ್ಮ ರಸ್ತೆಯವರಿಗೆ ಅನುಮಾನ ಬರಬಾರದೆಂದು ಅವಳು ಕೈಯಲ್ಲೊಂದು ಇಳಕಲ್ ಸೀರೆ ಹಿಡಿದೇ ಬರುತ್ತಿದ್ದಳು. ಫಾಲ್ಸ್ ಹಚ್ಚಿಸಲಿಕ್ಕೆ ಅಂತ ನೆಪ. ವಾರಕ್ಕೆ ಮೂರು ಸಲದಂತೆ ಒಂದೇ ಸೀರೆಗೆ ಫಾಲ್ಸ್. ಎದುರು ಮನೆಯ ಆಂಟಿ ಒಂದು ದಿನ, "ಏನ್ರೀ, ಆ ಸೀರೆ ಇನ್ನೂ ಆಗ್ಲಿಲ್ವಾ?" ಎಂದು ಕೇಳಿದರು. "ನಿಮ್ದು ಆಯ್ತು, ಒಯ್ಯೋಕೆ ಯಾವಾಗ ಬರ್ತೀರಾ?" ಎಂದು ನಾನು ಬಾಯಿ ಮುಚ್ಚಿಸಿದೆ. ಮುಚ್ಚಿದ ಕೋಣೆಯೊಳಗೆ ಕೂರಿಸಬೇಡಿ ಎಂದು ಸಿಸ್ಟರ್ ಹೇಳಿದ್ದರಿಂದ ಹಿತ್ತಲಿಗೆ ಕರೆದೊಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸುತ್ತಿದ್ದೆ. ಒಂದು ಬಟ್ಟಲು ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ತಿನ್ನಿಸಿ, ಆಮೇಲೆ ಮಾತ್ರೆ. ಬರಿಹೊಟ್ಟೆಯಲ್ಲಿ ನುಂಗಿದರೆ ಅವಳು ಅಲ್ಲೇ ಕಕ್ಕುತ್ತಿದ್ದಳು.

ತಿಂಗಳು ಕಳೆಯುವಷ್ಟರಲ್ಲಿ ಜ್ವರ ಬಿಟ್ಟಿತು. ಎರಡನೆಯ ತಿಂಗಳ ಕೊನೆಗೆ ಕಫದಲ್ಲಿ ಕ್ರಿಮಿ ಕಾಣಿಸಲಿಲ್ಲ. ನಾನು ಬೀಗಿದೆ. ಆಮೇಲೆ ವಾರಕ್ಕೊಂದೇ ಸಲ ಬಂದು ನುಂಗಿ, ಉಳಿದದ್ದನ್ನು ಮನೆಗೆ ಒಯ್ದರೂ ಸಾಕು ಎಂದು ನಿಯಮವಿತ್ತು. ಆದರೆ ನಾನು ಬಿಡುವವಳೇ? "ಅವೆಲ್ಲ ಬೇರೆಯೋರಿಗೆ. ನೀನು ಮೂರು ದಿನಾನೂ ಬಾ" ಎಂದೆ.

ಇಷ್ಟೆಲ್ಲ ಜೋರು ಮಾಡಿದ ನಾನೇ ಎಡವಿದ್ದು ಎಲ್ಲಿ ಗೊತ್ತೇ? ಸೋಮವಾರದಲ್ಲಿ.

ಚಿಕಿತ್ಸೆ ಶುರುವಾಗಿ ಮೂರು ವಾರವಾಗಿತ್ತೇನೋ. ಅವಳು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹಣೆಗೆ ವಿಭೂತಿ ಹಚ್ಚಿಕೊಂಡು ಬಂದಳು. "ಅಕ್ಕಾರ, ಹದಿನಾರು ಸೋಮವಾರ ಹಿಡದೀನ್ರಿ. ಈ ಜಡ್ಡು ಹೋಗ್ಲಿ, ಮಗಳ ಮಾರಿ ನೋಡೂಹಂಗಾಗ್ಲಿ ಅಂತ ಬೇಡ್ಕೊಂಡೀನಿ. ಎಚ್‌ಐವಿ ಗುಳಿಗಿ ನಸುಕಿನ್ಯಾಗ ನುಂಗೀನಿ, ಇನ್ನ ಸಂಜಿ ಪೂಜಿ ಆಗೂತನಕ ಹನಿ ನೀರು ಕುಡಿಯಾಂಗಿಲ್ಲ" ಎಂದಳು.

ನಾನು ತಿಪಟೂರಿನ ಕಡೆಯ ಲಿಂಗಾಯತರ ಮನೆಯವಳು. ಮದುವೆಯಾಗಿ ಬಂದ ವರ್ಷ ಅತ್ತೆ ಹಿಡಿಸಿದ ಸೋಮವಾರದ ಒಪ್ಪತ್ತನ್ನು ಹೆರಿಗೆಯ ದಿನಗಳು ಬಿಟ್ಟರೆ ಒಂದೂ ತಪ್ಪಿಸಿದವಳಲ್ಲ. ಅವಳು ಹಾಗೆಂದಾಗ ನಾನೂ ಹಸಿದ ಹೊಟ್ಟೆಯಲ್ಲೇ ಮಿಷನ್ನಿನ ಮುಂದೆ ಕೂತಿದ್ದೆ. ವ್ರತ ಹಿಡಿದವಳ ಬಾಯಿಗೆ ಬೆಳಿಗ್ಗೆಯೇ ಉಪ್ಪಿಟ್ಟು ತುರುಕು ಎಂದರೆ ಹೇಗೆ ತುರುಕಲಿ? ಪಾಪ, ಇಷ್ಟು ಕಷ್ಟದಲ್ಲೂ ದೇವರನ್ನು ಬಿಟ್ಟಿಲ್ಲವಲ್ಲ ಎಂದು ನನಗೆ ಅವಳ ಮೇಲೆ ಇನ್ನಷ್ಟು ಅಭಿಮಾನ ಬಂತು. ಮಾತ್ರೆಯ ಹಾಳೆಯನ್ನು ಕೈಗಿಟ್ಟು, "ಸಂಜೆ ಪ್ರಸಾದ ತಗೊಂಡ್ಮೇಲೆ ನುಂಗ್ತೀಯಾ?" ಎಂದೆ. "ಹೂನ್ರಿ" ಎಂದಳು. ಕಾರ್ಡಿನಲ್ಲಿ ಆಗಲೇ ಗುರುತು ಹಾಕಿದೆ.

ಮುಂದಿನ ಸೋಮವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಆಮೇಲೆ ವಾರದ ಮಾತ್ರೆಯೆಲ್ಲ ಒಂದೇ ಹಾಳೆಯಲ್ಲಿ ಬರತೊಡಗಿತು. ನಾನು ಬ್ಲೌಸ್ ಕತ್ತರಿಸುವ ಕತ್ತರಿಯಲ್ಲೇ ಸೋಮವಾರದ ತುಂಡನ್ನು ಕತ್ತರಿಸಿ ಕೊಡುತ್ತಿದ್ದೆ. ಖಾಲಿ ಹಾಳೆ ಎಲ್ಲಿ ಎಂದು ಒಂದು ಸಲವಾದರೂ ಕೇಳಲಿಲ್ಲ. ಕೇಳುವುದು ದೇವರನ್ನು ಅನುಮಾನಿಸಿದಂತೆ ಅನ್ನಿಸುತ್ತಿತ್ತು. ಸಿಸ್ಟರ್ ಒಮ್ಮೆ ಡಬ್ಬಿ ಕೊಡವಿ, "ಕೆಲವು ಸ್ಟ್ರಿಪ್ ಕಾಣ್ತಾ ಇಲ್ವಲ್ಲ ಆಂಟಿ?" ಎಂದಾಗ, "ಚಿಂದಿ ಬಟ್ಟೆ ಜೊತೆ ಕಸಕ್ಕೆ ಹೋಗಿರ್ಬೇಕಮ್ಮ" ಎಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಐದನೆಯ ತಿಂಗಳಲ್ಲಿ ಮತ್ತೆ ಕಫ ಪರೀಕ್ಷೆ ಮಾಡಿದರು. ಕ್ರಿಮಿ ಮತ್ತೆ ಬಂದಿತ್ತು.

ಸಿಸ್ಟರ್ ವರದಿ ಹಿಡಿದು ಅಂಗಡಿಗೇ ಬಂದರು. "ಆಂಟಿ, ಒಂದ್ ಡೋಸೂ ತಪ್ಪಿಲ್ಲ ತಾನೆ?"

"ನನ್ ಕೈಕೆಳಗೆ ತಪ್ಪುತ್ತಾ?" ಎಂದೆ.

ಆ ಶುಕ್ರವಾರ ಅವಳು ಬರಲಿಲ್ಲ. ಮಿಸ್ಡ್ ಕಾಲ್ ಕೊಟ್ಟೆ, ಉತ್ತರವಿಲ್ಲ. ಗಾಡಿ ತೆಗೆದುಕೊಂಡು ಹೇರೋಹಳ್ಳಿಗೆ ಹೋದೆ. ಆಗ ಅಲ್ಲಿನ ರಸ್ತೆಯೆಂದರೆ ಗುಂಡಿಗಳ ನಡುವೆ ಅಲ್ಲಲ್ಲಿ ಸ್ವಲ್ಪ ರಸ್ತೆ. ಹಳೇ ಊರಿನ ಮನೆಗಳ ಹಿಂದೆ ಸಾಲಾಗಿ ಕಟ್ಟಿದ್ದ ಶೀಟಿನ ಕೋಣೆಗಳಲ್ಲಿ ಕೊನೆಯದು ಅವಳದು. ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಮೈ ಕೆಂಡ. ಒಂದಿಷ್ಟು ಗಂಜಿ ಕಾಯಿಸೋಣ ಎಂದು ಕಡ್ಡಿಪೆಟ್ಟಿಗೆ ಹುಡುಕಿದೆ. ದೇವರ ಪಟದ ಹಿಂದೆ ಕೈ ಹಾಕಿದಾಗ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಬೆಂಕಿಪೊಟ್ಟಣ ಅದರಲ್ಲಿರಬಹುದು ಎಂದು ತೆರೆದೆ.

ಅದರ ತುಂಬ ಮಾತ್ರೆ. ನಾನು ಕತ್ತರಿಸಿ ಕೊಟ್ಟ ತುಂಡುಗಳು, ಹಾಗೇ, ಒಂದೂ ಒಡೆಯದೆ. ಮೇಲೆ ಒಣಗಿದ ಬಿಲ್ವಪತ್ರೆ.

"ಏನೇ ಇದು?" ಎಂದು ಕಿರುಚಿದೆ.

ಅವಳು ಎದ್ದು ಗೋಡೆಗೆ ಒರಗಿದಳು. "ಒಗದಿಲ್ರಿ ಅಕ್ಕಾರ, ದೇವರ ಮುಂದನ ಇಟ್ಟೀನಿ. ಪ್ರಸಾದ ತಗೊಂಡ ಬಾಯಾಗ ಆ ಕೆಂಪು ಗುಳಿಗಿ ಹೆಂಗ ಹಾಕ್ಕೊಳ್ಳಲ್ರಿ? ಅದರ ಮ್ಯಾಲಿನ ಸಿಪ್ಪಿ ದನದ ಎಲುಬಿಂದ ಮಾಡ್ತಾರಂತ ರೊಟ್ಟಿ ಅಂಗಡ್ಯಾಗ ಅಂತಿದ್ರು. ಉಳದ ದಿನ ಕಣ್ಣು ಮುಚ್ಚಿ ನುಂಗ್ತಿದ್ನಿ. ವಾರದಾಗ ಒಂದ ದಿನ ತಾನ ಅಂದ್ಕೊಂಡ್ನಿ. ಆ ದಿನ ದೇವರ ನೋಡ್ಕೋತಾನ ಅಂತ..."

"ದೇವರು ನೋಡ್ಕೊಳ್ಳೋಕೆ ಅಂತಾನೇ ಅಲ್ವೇನೇ ಮಾತ್ರೆ ಕಳಿಸಿದ್ದು?" ಎಂದು ಬಾಯಿಗೆ ಬಂದಂತೆ ಬೈದೆ. ಮೂರ್ಖಿ ಎಂದೆ, ಮಗಳನ್ನು ಅನಾಥೆ ಮಾಡುತ್ತೀಯಾ ಎಂದೆ. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಬೈದು ಸುಸ್ತಾದ ಮೇಲೆ ಡಬ್ಬಿಯೊಳಗಿನ ತುಂಡುಗಳ ಅಂಚು ನೋಡಿದೆ. ಎಲ್ಲವೂ ನೇರವಾಗಿ, ಒಂದು ಎಳೆ ಆಚೀಚೆ ಆಗದಂತೆ ಕತ್ತರಿಸಿದ್ದವು. ನನ್ನ ಕತ್ತರಿ, ನನ್ನ ಕೈ. ಕಾರ್ಡಿನಲ್ಲಿದ್ದ ಗುರುತೂ ನನ್ನದೇ. ಅವಳು ಮಾತ್ರೆ ಬಿಟ್ಟಳು, ಸರಿ. ಬಿಡಲು ದಾರಿ ಮಾಡಿಕೊಟ್ಟವಳು ಯಾರು? ಅಲ್ಲೇ ನೆಲದ ಮೇಲೆ ಕೂತೆ.

ಆ ಡಬ್ಬಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬಂದೆ. ಸಿಸ್ಟರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ತಿಂಗಳು ಬೀರುವಿನೊಳಗೆ ಬಟ್ಟೆಯ ಕೆಳಗೆ ಇಟ್ಟುಕೊಂಡಿದ್ದೆ. ಜಗತ್ತಿಗೆಲ್ಲ ಬುದ್ಧಿ ಹೇಳುವವಳಿಗೆ ತನ್ನ ತಪ್ಪು ಹೇಳಲು ಬಾಯಿ ಬರಲಿಲ್ಲ. ಈಗಲೂ ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಆ ಮೂರು ತಿಂಗಳು ಅವಳಿಗೆ ಅದೇ ಮಾತ್ರೆಗಳ ಜೊತೆ ಒಂದು ಇಂಜೆಕ್ಷನ್ ಸೇರಿಸಿ ಚಿಕಿತ್ಸೆ ನಡೆಯಿತು. ಸೋಮವಾರವೂ ಎದುರಿಗೇ ನುಂಗಿಸಿದೆ, ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿದೆ. ಆದರೂ ತೂಕ ಇಳಿಯುತ್ತಲೇ ಹೋಯಿತು. ಕಫವನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿ ಕ್ರಿಮಿಯನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡುತ್ತಾರೆ. ಕಲ್ಚರ್ ಪರೀಕ್ಷೆ ಎನ್ನುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೊನೆಗೂ ವರದಿ ಬಂತು. ಮುಖ್ಯವಾದ ಎರಡು ಔಷಧಿಗೂ ಕ್ರಿಮಿ ಜಗ್ಗುತ್ತಿರಲಿಲ್ಲ. ಉಳಿದದ್ದು ಎರಡು ವರ್ಷದ ಬೇರೆ ಔಷಧಿ. ಅದರ ಸರ್ಕಾರಿ ಯೋಜನೆ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಕೆಂಗೇರಿ ದಾಟಿ ಒಂದು ಸಣ್ಣ ಟ್ರಸ್ಟಿನ ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಬೆರಳೆಣಿಕೆಯಷ್ಟು ಜನರಿಗೆ ಕೊಡುತ್ತಿದ್ದಾರೆ, ಆದರೆ ತಪ್ಪದೆ ನುಂಗುವವರನ್ನೇ ಆರಿಸುತ್ತಾರೆ ಎಂದು ಸಿಸ್ಟರ್ ಹೇಳಿದರು. ಅಲ್ಲಿ ಇಲ್ಲವೆಂದರೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಅಲ್ಲಿಗೆ ಹೊರಟ ಬೆಳಿಗ್ಗೆ ಮನೆ ಬಿಡುವಾಗ ಬೀರು ತೆಗೆದು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡೆ, ಏನು ಮಾಡುತ್ತೇನೆಂದು ನನಗೇ ಖಾತ್ರಿಯಿರಲಿಲ್ಲ.

ಡಾಕ್ಟರು ನನ್ನ ವಯಸ್ಸಿನವರು, ಸಣ್ಣ ದನಿ. ನಾವು ಮೂವರು ಹೆಂಗಸರು ಎದುರಿಗೆ ಕೂತೆವು. ಅವರು ಕಾರ್ಡನ್ನು ತಿರುಗಿಸಿ ನೋಡಿದರು.

"ಒಂದೂ ಖಾಲಿ ಬಿಟ್ಟಿಲ್ಲ. ಇಷ್ಟು ಶಿಸ್ತಿನ ಪೇಷಂಟ್ ಅಪರೂಪ. ಎಲ್ಲಾ ತಗೊಂಡಿದೀಯೇನಮ್ಮ?"

ಅವಳು ಅವರ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದಳು. "ಹೂನ್ರಿ ಸರ, ಎಲ್ಲಾ ತಗೊಂಡೀನಿ. ಅಕ್ಕಾರು ಒಂದೂ ಬಿಡಗೊಟ್ಟಿಲ್ರಿ."

ನನ್ನ ಮಾನ ಉಳಿಸಲು ಅವಳು ಸುಳ್ಳು ಹೇಳಿದಳು. ಆ ಸುಳ್ಳಿನಿಂದ ಅವಳಿಗೂ ಔಷಧಿ ಸಿಗುವುದರಲ್ಲಿತ್ತು. ನಾನು ಸುಮ್ಮನಿದ್ದಿದ್ದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತಿತ್ತು. ಆದರೆ ಈ ಔಷಧಿಯೇ ಕೊನೆಯದು. ಇದರ ಬುಡದಲ್ಲೂ ನನ್ನ ಸುಳ್ಳು ಗುರುತು ಇದ್ದರೆ ನಾಳೆ ಮತ್ತೆ ಇನ್ನೇನೋ ತಪ್ಪಿದಾಗ ನಾವಿಬ್ಬರೂ ಮುಚ್ಚಿಹಾಕಿಕೊಳ್ಳುತ್ತೇವೆ, ಅವಳು ಸಾಯುತ್ತಾಳೆ. ಅಷ್ಟು ನನಗೆ ತಿಳಿಯಿತು. ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದೆ.

"ಸೋಮವಾರದ್ದು ಸಾರ್ ಇವು. ಒಪ್ಪತ್ತು ಅಂತ ನಾನೇ ಮನೆಗೆ ಕೊಟ್ ಕಳಿಸ್ದೆ. ನೋಡದೇನೆ ಟಿಕ್ ಹಾಕ್ದೆ. ತಪ್ಪು ನಂದು. ಅವಳಿಗೆ ಔಷಧಿ ಇಲ್ಲ ಅನ್ಬೇಡಿ."

ಮೊದಲು ಬಾಯಿ ಬಿಟ್ಟವರು ಸಿಸ್ಟರ್. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಆಂಟಿ, ಒಂದೇ ಒಂದ್ ಮಾತು ನಂಗೆ ಹೇಳಿದ್ರೆ ಮಂಗಳವಾರ, ಗುರುವಾರ, ಶನಿವಾರ ಮಾಡ್ಕೊಡ್ತಿದ್ದೆ. ಎಷ್ಟೋ ಜನಕ್ಕೆ ಹಾಗೇ ಕೊಡ್ತೀವಿ."

ನನ್ನ ಜೀವನದಲ್ಲಿ ತುಂಬ ಜನ ನನಗೆ ತುಂಬ ಮಾತು ಆಡಿದ್ದಾರೆ. ಅದರಷ್ಟು ನಾಟಿದ ಮಾತು ಇನ್ನೊಂದಿಲ್ಲ. ದಿನ ಬದಲಿಸಿದ್ದರೆ ವ್ರತವೂ ನಡೆಯುತ್ತಿತ್ತು, ಮಾತ್ರೆಯೂ ನಡೆಯುತ್ತಿತ್ತು. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನನಗೆಲ್ಲ ಗೊತ್ತು ಎಂದುಕೊಂಡವಳಿಗೆ ಯಾರನ್ನಾದರೂ ಕೇಳಬೇಕೆಂದು ಹೇಗೆ ಹೊಳೆದೀತು?

ಡಾಕ್ಟರು ಡಬ್ಬಿಯೊಳಗಿನ ತುಂಡುಗಳನ್ನು ಒಂದೊಂದಾಗಿ ಎಣಿಸಿ ಮೇಜಿನ ಮೇಲಿಟ್ಟರು. "ನೋಡಿಮ್ಮ, ಇದರಿಂದಾನೇ ಹೀಗಾಯ್ತು ಅಂತ ನಾನು ಆಣೆ ಮಾಡಿ ಹೇಳಲ್ಲ. ಮೊದಲೇ ಮೊಂಡು ಕ್ರಿಮಿ ಅಂಟಿದ್ರೂ ಅಂಟಿರಬಹುದು. ಆದ್ರೆ ಎಚ್‌ಐವಿ ಇರೋರಿಗೆ ಹೀಗೆ ಬಿಟ್ಟು ಬಿಟ್ಟು ತಗೊಂಡ್ರೆ ಅಪಾಯ ಹೆಚ್ಚು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಔಷಧಿ ಕೊಡ್ತೀನಿ. ಆದ್ರೆ ನುಂಗ್ಸೋ ಕೆಲಸ ನಿಮಗೆ ಕೊಡಲ್ಲ. ಬೇರೆಯೋರನ್ನ ಹುಡುಕ್ತೀನಿ" ಎಂದರು.

ನಾನು ತಲೆ ತಗ್ಗಿಸಿದೆ. ನ್ಯಾಯವಾದ ಮಾತು.

"ಹಂಗಾದ್ರ ನಾ ಒಲ್ಲೆರಿ" ಎಂದಳು ಅವಳು. ಅಷ್ಟು ದಿನದಲ್ಲಿ ಅವಳು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. "ನನ್ನ ಜಡ್ಡು ಗೊತ್ತಾದ ಮ್ಯಾಲೂ ತಮ್ಮ ಬಟ್ಟಲದಾಗ ಉಪ್ಪಿಟ್ಟು ಹಾಕಿ ಕೊಟ್ಟೋರು ಇವರೊಬ್ರ. ಅವರ ಕಣ್ಣಿಗೆ ಮಣ್ಣು ತೂರಿದ್ದು ನಾನು. ಗುಳಿಗಿ ಕೊಟ್ರ ಇವರ ಕೊಡಬೇಕು. ಇಲ್ಲಾಂದ್ರ ನಾ ಹೊಂಟೆ." ಹೇಳಿ ನಿಜಕ್ಕೂ ಎದ್ದು ನಿಂತಳು. ನಿಂತ ರಭಸಕ್ಕೆ ಕೆಮ್ಮು ಬಂದು ಮೇಜು ಹಿಡಿದುಕೊಂಡಳು.

ಡಾಕ್ಟರಿಗೆ ನಗು ಬಂತೋ ಸಿಟ್ಟು ಬಂತೋ. "ಇಬ್ಬರೂ ಒಂದೇ ಜಾತಿ ಮೊಂಡು" ಎಂದರು. ಒಂದು ಷರತ್ತು ಹಾಕಿದರು. ಪ್ರತಿದಿನ ನುಂಗಬೇಕು, ಸೋಮವಾರವೂ, ಹಬ್ಬವೂ, ಹುಣ್ಣಿಮೆಯೂ. ಪ್ರತಿದಿನ ಖಾಲಿ ಹಾಳೆ ಬೇಕು. ತಿಂಗಳಿಗೊಮ್ಮೆ ಅವರೇ ಎಣಿಸುತ್ತಾರೆ. ನಾನು ಒಪ್ಪಿಕೊಂಡೆ, ಅವಳು ಕೂತಳು.

ಮುಂದಿನ ಸೋಮವಾರ ಅವಳು ಹಿತ್ತಲಿಗೆ ಬಂದಾಗ ಎರಡು ತಟ್ಟೆಯಲ್ಲಿ ಉಪ್ಪಿಟ್ಟು ಹಾಕಿಟ್ಟಿದ್ದೆ. ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. "ಅಕ್ಕಾರ, ಇವತ್ತು ನಿಮ್ದು..." ಎಂದಳು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಹೆರಿಗೆಯ ದಿನಗಳು ಬಿಟ್ಟರೆ ಇಪ್ಪತ್ತು ವರ್ಷದಲ್ಲಿ ಸೋಮವಾರ ಬೆಳಿಗ್ಗೆ ನಾನು ತಿಂದ ಮೊದಲ ತುತ್ತು ಅದು. ನೀರು ಕುಡಿದು ಇಳಿಸಿದೆ. "ಪಾಪ ಬಂದ್ರೆ ಇಬ್ಬರಿಗೂ ಅರ್ಧರ್ಧ. ತಿನ್ನು" ಎಂದೆ. ಅವಳು ತಿಂದಳು, ಮಾತ್ರೆ ನುಂಗಿದಳು. ಒಳಗಿಂದ ನಮ್ಮ ಯಜಮಾನರು, "ಅಂತೂ ಸೋಮವಾರ ನಮಗೂ ಬೆಳಗ್ಗೆ ತಿಂಡಿ ಸಿಗೋ ಕಾಲ ಬಂತಪ್ಪ" ಎಂದರು. ಇಬ್ಬರೂ ನಕ್ಕೆವು.

ಆ ಎರಡು ವರ್ಷ ಸುಲಭವಾಗಿತ್ತು ಎಂದು ಹೇಳಿದರೆ ನನ್ನ ನಾಲಿಗೆಯಲ್ಲಿ ಹುಳ ಬೀಳುತ್ತದೆ. ಮೊದಲ ಆರು ತಿಂಗಳು ಭಾನುವಾರ ಬಿಟ್ಟು ದಿನಾ ಇಂಜೆಕ್ಷನ್. ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದೆ. ಸೊಂಟದ ಎರಡೂ ಬದಿ ಗಂಟುಗಟ್ಟಿ ಅವಳಿಗೆ ಸೀಟಿನ ಮೇಲೆ ಕೂರಲು ಆಗುತ್ತಿರಲಿಲ್ಲ, ದಿಂಬು ಹಾಕಿದೆ. ಮಾತ್ರೆ ನುಂಗಿದ ಅರ್ಧ ಗಂಟೆಗೆ ವಾಂತಿ. ರೊಟ್ಟಿ ಅಂಗಡಿ ಬಿಡಬೇಕಾಯಿತು. ನಾನು ಬ್ಲೌಸುಗಳಿಗೆ ಹುಕ್ಸ್ ಹಾಕುವ, ಹೆಮ್ಮಿಂಗ್ ಮಾಡುವ ಕೆಲಸ ಕೊಟ್ಟೆ, ಹೇರೋಹಳ್ಳಿಯ ಕೋಣೆಯ ಬಾಗಿಲಲ್ಲಿ ಬಿಸಿಲಿಗೆ ಕೂತು ಮಾಡುತ್ತಿದ್ದಳು. ಕೈ ನಡುಗುತ್ತಿತ್ತು, ಆದರೂ ಹೊಲಿಗೆ ಸೊಟ್ಟಗಾಗುತ್ತಿರಲಿಲ್ಲ. ನನ್ನನ್ನೂ ಎರಡು ಸಲ ಪರೀಕ್ಷೆ ಮಾಡಿದರು. ನನಗೇನೂ ಅಂಟಿರಲಿಲ್ಲ.

ಎಂಟನೆಯ ತಿಂಗಳಲ್ಲಿ ಒಂದು ಮಾತ್ರೆ ಅವಳ ತಲೆ ಕೆಡಿಸಿತು. ಸುಮ್ಮಸುಮ್ಮನೆ ಅಳುತ್ತಿದ್ದಳು. ಒಂದು ದಿನ ಒಗೆಯುವ ಕಲ್ಲಿನ ಮೇಲೆ ಕೂತು ಮಾತ್ರೆಗಳನ್ನು ಅಂಗೈಯಲ್ಲಿ ಹಿಡಿದು, "ಸಾಕ್ರಿ ಅಕ್ಕಾರ. ಮಗಳು ನನ್ನ ಮರತು ಬಿಟ್ಟಾಳ. ಫೋನಿನ್ಯಾಗ ಮಾತಾಡೂದಿಲ್ಲ, ಆಟಕ್ಕ ಓಡಿ ಹೋಗ್ತಾಳ. ಯಾರಿಗೋಸ್ಕರ ನುಂಗಲಿ?" ಎಂದಳು. ಎಂದಿನಂತೆ ಬೈದೆ. ಬೈಗುಳ ಅವಳವರೆಗೆ ತಲುಪಲೇ ಇಲ್ಲ. ಬಾಯಿಯಿಂದ ಆಗದ ಕೆಲಸವೂ ಇದೆ ಎಂದು ಅವತ್ತು ತಿಳಿಯಿತು. ಮಿಷನ್ ನಿಲ್ಲಿಸಿ, ಅಂಗಡಿಯ ಬಾಗಿಲು ಹಾಕಿ ಬಂದು ಅವಳ ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಎರಡರವರೆಗೆ ಮಾತಿಲ್ಲದೆ ಕೂತಿದ್ದೆವು. ಗಿರಾಕಿಗಳು ಬಂದು ಬಾಗಿಲು ಬಡಿದು ಹೋದರು. ಎರಡು ಗಂಟೆಗೆ ಅವಳೇ ನೀರು ಕೇಳಿದಳು. ಮಾರನೆಯ ದಿನ ಡಾಕ್ಟರ ಹತ್ತಿರ ಹೋಗಿ ಆ ಮಾತ್ರೆಯ ಪ್ರಮಾಣ ಇಳಿಸಿದ ಮೇಲೆ ಅವಳ ಮುಖ ಅವಳ ಮುಖವಾಯಿತು.

ಆದರೆ ಕಿವಿ ಅದಕ್ಕೂ ಮೊದಲೇ ಹೋಗಿತ್ತು. ಇಂಜೆಕ್ಷನ್ನಿನಿಂದ ಹಾಗಾಗಬಹುದು ಎಂದು ಮೊದಲೇ ಹೇಳಿದ್ದರು. "ಕಿವ್ಯಾಗ ಜೀರುಂಡಿ ಕೂತಂಗ ಆಗ್ತೈತ್ರಿ" ಎಂದು ಶುರುವಾದದ್ದು, ಡಾಕ್ಟರು ಇಂಜೆಕ್ಷನ್ ನಿಲ್ಲಿಸುವ ಹೊತ್ತಿಗೆ ಎಡಗಿವಿ ಪೂರ್ತಿ ಮುಚ್ಚಿತ್ತು, ಬಲಗಿವಿಗೆ ಜೋರಾಗಿ ಹೇಳಿದರೆ ಕೇಳುತ್ತಿತ್ತು. ಅವಳು ಅದನ್ನೂ ನಕ್ಕೇ ತೆಗೆದುಕೊಂಡಳು. "ನಿಮ್ಮ ಬೈಗಳಾ ಇನ್ನ ಅರ್ಧಾನ ಕೇಳ್ತಾವ್ರಿ" ಎಂದಳು. ನನಗೆ ನಗಲು ಆಗಲಿಲ್ಲ.

ಹೊಸ ಔಷಧಿಯ ನಾಲ್ಕನೆಯ ತಿಂಗಳಿಗೇ ಕಫದ ಕಲ್ಚರಿನಲ್ಲಿ ಕ್ರಿಮಿ ಕಾಣಿಸುವುದು ನಿಂತಿತ್ತು. ಆಮೇಲೂ ಆಗಾಗ ಕಳಿಸುತ್ತಿದ್ದರು, ಪ್ರತಿ ಸಲ ವರದಿ ಬರುವವರೆಗೆ ಇಬ್ಬರಿಗೂ ನಿದ್ದೆಯಿರುತ್ತಿರಲಿಲ್ಲ. ಮಗಳನ್ನು ಕರೆಸಿಕೋ, ಈಗ ಅಂಟುವುದಿಲ್ಲ ಎಂದು ಡಾಕ್ಟರೇ ಹೇಳಿದರೂ ಅವಳು ಒಪ್ಪಲಿಲ್ಲ. "ಒಮ್ಮೆ ಹುಸಿ ಹೋಗೇತ್ರಿ. ಕಟ್ಟಕಡೀ ವರದಿ ಬರಲಿ" ಎನ್ನುತ್ತಿದ್ದಳು. ಎಚ್‌ಐವಿ ಮಾತ್ರೆ ಜೀವನಪೂರ್ತಿ ಇರುತ್ತದೆ, ಅದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಸ್ನಾನ ಊಟದ ಹಾಗೆ ಮಾಡಿಕೊಂಡಿದ್ದಳು. ಟಿಬಿಯೊಂದು ಹೋಗಬೇಕಿತ್ತು.

ಕೊನೆಯ ಮಾತ್ರೆ ನುಂಗಿ ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸಿಸ್ಟರ್ ಸ್ಕೂಟರಿನಲ್ಲಿ ಬಂದರು. ಹೆಲ್ಮೆಟ್ ತೆಗೆಯುವ ಮೊದಲೇ ಕಾಗದ ನನ್ನ ಕೈಗಿಟ್ಟರು. ನಾನು ಎರಡು ಸಲ ಓದಿದೆ, ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಸಿಸ್ಟರಿಂದಲೂ ಓದಿಸಿದೆ. ಅಷ್ಟರಲ್ಲಿ ಅವಳು ಹುಕ್ಸ್ ಹಾಕಿದ ಬ್ಲೌಸುಗಳ ಗಂಟು ಹೊತ್ತು ಬಸ್ಸಿಳಿದು ರಸ್ತೆಯ ಆಚೆ ಬದಿ ನಿಂತಿದ್ದಳು. ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ದಾಟಲು ಆಗುತ್ತಿರಲಿಲ್ಲ. ನನಗೆ ತಡೆದುಕೊಳ್ಳಲಾಗಲಿಲ್ಲ. ಬಾಗಿಲಿಗೆ ಓಡಿ ಬಂದು ಕಾಗದ ಎತ್ತಿ ಹಿಡಿದು ಕೂಗಿದೆ.

"ಹೋಯ್ತು ಕಣೇ! ಟಿಬಿ ಹೋಯ್ತು!"

ಅವಳು ಕಿವಿಗೆ ಕೈ ಹಚ್ಚಿ ಕೇಳಿಸಲಿಲ್ಲವೆಂಬಂತೆ ತಲೆಯಾಡಿಸಿದಳು. ಇನ್ನೂ ಜೋರಾಗಿ ಕೂಗಿದೆ. "ನಿಂಗೆ ಟಿಬಿ ಇಲ್ಲ! ವಾಸಿಯಾಯ್ತು! ಮಗಳನ್ನ ಕರ್ಕೊಂಡ್ ಬಾ!" ಎದುರು ಮನೆಯ ಆಂಟಿ ಗೇಟಿಗೆ ಬಂದರು. ಇಸ್ತ್ರಿಯವನು ಪೆಟ್ಟಿಗೆ ಎತ್ತಿ ಹಿಡಿದು ನಿಂತ. ಮೂರು ವರ್ಷ ಒಂದು ಸೀರೆಯ ಮರೆಯಲ್ಲಿ ಮುಚ್ಚಿಟ್ಟಿದ್ದನ್ನು ನಡುರಸ್ತೆಯಲ್ಲಿ ಅರಚಿಬಿಟ್ಟೆನಲ್ಲ ಎಂದು ಆಗ ಹೊಳೆದು ನಾಲಿಗೆ ಕಚ್ಚಿಕೊಂಡೆ.

ಅವಳು ರಸ್ತೆ ದಾಟಿ ಬಂದಳು. ಗಂಟನ್ನು ಮೆಟ್ಟಿಲ ಮೇಲೆ ಇಳಿಸಿದಳು. ಕೆನ್ನೆ ಪೂರ್ತಿ ಒದ್ದೆಯಾಗಿತ್ತು.

"ತಪ್ಪಾಯ್ತು ಕಣೇ, ರಸ್ತೆ ಜನಕ್ಕೆಲ್ಲ ಕೇಳಿಸ್ಬಿಟ್ಟೆ" ಎಂದೆ ಅವಳ ಬಲಗಿವಿಯ ಹತ್ತಿರ. "ನಿಂಗೇ ಕೇಳಿಸ್ಲಿಲ್ವಲ್ಲ."

"ಮೊದಲ ಸಲಾನ ಕೇಳಿಸಿತ್ರಿ ಅಕ್ಕಾರ" ಎಂದಳು. "ಇನ್ನೊಮ್ಮೆ ಹೇಳ್ರಿ."